ಎಂಟು ಬಿಂದಿಗೆ ನೀರು, ಒಂದು ಬಿಳಿ ಗೆರೆ

ರಾತ್ರಿ ಎರಡೂವರೆ ಗಂಟೆ. ಸಕಲೇಶಪುರದ ಹತ್ತಿರ ಪರಿಚಯದವರ ಕಾಫಿ ತೋಟದ ಕಣದಲ್ಲಿ ಗಾಡಿ ನಿಲ್ಲಿಸಿ ಮಲಗಿದ್ದೆವು. ಹಾಸಿಗೆ ಕೆಳಗಿನಿಂದ ‘ಟರ್ರ್’ ಅಂತ ಸದ್ದು ಬಂತು. ಎರಡು ಸೆಕೆಂಡು ಇರಬಹುದು, ನಿಂತುಹೋಯಿತು. ಇಲಿ ಏನಾದರೂ ಹೊಕ್ಕಿದೆಯಾ ಅಂದುಕೊಂಡೆ. ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ‘ಟರ್ರ್’. ಆಗ ಗೊತ್ತಾಯಿತು, ಅದು ನಮ್ಮ ನೀರಿನ ಪಂಪು. ಗಾಡಿಯಲ್ಲಿ ಯಾವ ನಲ್ಲಿಯೂ ತೆರೆದಿಲ್ಲ. ಮತ್ತೆ ಪಂಪು ಯಾಕೆ ಓಡಬೇಕು?

"ರೀ, ಏಳಿ. ಎಲ್ಲೋ ನೀರು ಸೋರ್ತಿದೆ."

"ಬೆಳಿಗ್ಗೆ ನೋಡೋಣ ಬಿಡೇ" ಅಂದರು ಇವರು.

ನನಗೆ ಹಾಗೆ ಬಿಡಲು ಆಗುವುದಿಲ್ಲ. ನಾನು ಪಾವಗಡದ ಕಡೆಯವಳು. ಚಿಕ್ಕಂದಿನಲ್ಲಿ ಕೈಪಂಪಿನ ಮುಂದೆ ಬಿಂದಿಗೆ ಸಾಲಿಟ್ಟು ಗಂಟೆಗಟ್ಟಲೆ ಕಾದಿದ್ದೇನೆ. ಅಮ್ಮ ಅಕ್ಕಿ ತೊಳೆದ ನೀರನ್ನು ಎಮ್ಮೆಗೆ ಇಡುತ್ತಿದ್ದಳು. ಪಾತ್ರೆ ತೊಳೆದ ನೀರು ಕರಿಬೇವಿನ ಗಿಡಕ್ಕೆ ಹೋಗುತ್ತಿತ್ತು. ಒಂದು ಚೊಂಬು ನೀರು ಸುಮ್ನೆ ಹರಿದು ಹೋಗುತ್ತಿದೆ ಅಂದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟ.

ಗಾಡಿ ವಿಷಯ ಮೊದಲು ಹೇಳಿಬಿಡುತ್ತೇನೆ. ನಮ್ಮದು ಹಳೆಯ ಫೋರ್ಸ್ ಟ್ರಾವೆಲರ್. ಮೊದಲು ಶಾಲೆ ಮಕ್ಕಳನ್ನು ಕರೆದೊಯ್ಯುತ್ತಿತ್ತು. ಇವರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಕೊಂಡು, ಸೀಟು ತೆಗೆಸಿ, ಕಾಗದಪತ್ರ ಎಲ್ಲ ಸರಿ ಮಾಡಿಸಿ, ಒಳಗೆ ಮನೆ ಮಾಡಿಸಿದೆವು. ಮುಂದೆ ಎರಡು ಸೀಟು, ಪಕ್ಕದ ಬಾಗಿಲ ಎದುರಿಗೆ ಅಡುಗೆ ಕಟ್ಟೆ, ಹಿಂದೆ ಹಾಸಿಗೆ. ಹಾಸಿಗೆಯ ಕೆಳಗೆ ಸ್ಟೀಲಿನ ನೀರಿನ ಟ್ಯಾಂಕು. 100 ಸೆಂ.ಮೀ. ಉದ್ದ, 40 ಅಗಲ, 30 ಎತ್ತರ. ಅಂದರೆ 120 ಲೀಟರ್. ನಮ್ಮ ಮನೆಯ ಪ್ಲಾಸ್ಟಿಕ್ ಬಿಂದಿಗೆಗೆ 15 ಲೀಟರ್ ಹಿಡಿಯುತ್ತದೆ. ಹಾಗಾಗಿ ನನ್ನ ಲೆಕ್ಕದಲ್ಲಿ ಅದು ಎಂಟು ಬಿಂದಿಗೆ. ಹೈಸ್ಕೂಲಿನಲ್ಲಿ 26 ವರ್ಷ ಗಣಿತ ಪಾಠ ಮಾಡಿದವಳು ನಾನು. ಈ ಗಾಡಿಯಲ್ಲಿ ಡೀಸೆಲ್ ಲೆಕ್ಕ ಇವರದು, ನೀರಿನ ಲೆಕ್ಕ ನನ್ನದು.

ಪಂಪು ಯಾವಾಗ ಸದ್ದು ಮಾಡುತ್ತದೆ, ಯಾವಾಗ ಮಾಡುವುದಿಲ್ಲ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ. ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟಿನ ಡಯಾಫ್ರಂ ಪಂಪು. ಅದರೊಳಗೆ ಒಂದು ಪ್ರೆಷರ್ ಸ್ವಿಚ್ ಇರುತ್ತದೆ. ನಲ್ಲಿ ತಿರುಗಿಸಿದಾಗ ಪೈಪಿನ ಒತ್ತಡ ಇಳಿಯುತ್ತದೆ, ಪಂಪು ಓಡುತ್ತದೆ. ನಲ್ಲಿ ಮುಚ್ಚಿದರೆ ಒತ್ತಡ ಏರುತ್ತದೆ, ಪಂಪು ನಿಲ್ಲುತ್ತದೆ. ನಲ್ಲಿ ಮುಚ್ಚಿದ್ದಾಗಲೂ ಪಂಪು ಆಗಾಗ ಓಡುತ್ತಿದ್ದರೆ ಪಂಪಿನಿಂದ ಮುಂದೆ, ನಲ್ಲಿಯ ಕಡೆ, ಎಲ್ಲೋ ಒತ್ತಡ ಕಳೆದುಹೋಗುತ್ತಿದೆ ಅಂತ ಅರ್ಥ. ಪಂಪು ಸುಮ್ಮನಿದ್ದೂ ಟ್ಯಾಂಕಿನಲ್ಲಿ ನೀರು ಇಳಿಯುತ್ತಿದ್ದರೆ ಟ್ಯಾಂಕನ್ನೋ, ಟ್ಯಾಂಕಿನಿಂದ ಪಂಪಿನವರೆಗಿನ ಪೈಪನ್ನೋ, ನೀರು ಖಾಲಿ ಮಾಡುವ ವಾಲ್ವನ್ನೋ ನೋಡಬೇಕು. ಇನ್ನೊಂದು ಸಂಗತಿಯೂ ಇದೆ. ಪಂಪಿನೊಳಗಿನ ಸಣ್ಣ ವಾಲ್ವ್‌ಗಳಲ್ಲಿ ಕಸ ಸಿಕ್ಕಿಕೊಂಡರೆ ನೀರು ಹಿಂದಕ್ಕೆ ಟ್ಯಾಂಕಿಗೇ ಜಾರುತ್ತದೆ. ಆಗ ಹೊರಗೆ ಒಂದು ಹನಿಯೂ ಬೀಳುವುದಿಲ್ಲ, ಆದರೂ ಪಂಪು ಓಡುತ್ತಿರುತ್ತದೆ.

ಟಾರ್ಚ್ ಹಿಡಿದು ಸಿಂಕಿನ ಕೆಳಗೆ ಕೈ ಹಾಕಿದೆ. ನಲ್ಲಿಗೆ ಹೋಗುವ ಪೈಪಿನ ಹೋಸ್ ಕ್ಲಿಪ್ ಸಡಿಲವಾಗಿತ್ತು, ಬೆರಳು ಒದ್ದೆಯಾಯಿತು. ಅಷ್ಟರಲ್ಲಿ ಇವರೂ ಎದ್ದು ಬಂದಿದ್ದರು. ಸ್ಕ್ರೂಡ್ರೈವರ್ ತಂದು ಎರಡು ಸುತ್ತು ಬಿಗಿ ಮಾಡಿದರು. ಒಂದು ಗಂಟೆ ಕಿವಿಗೊಟ್ಟು ಮಲಗಿದ್ದೆ. ಪಂಪು ಸದ್ದು ಮಾಡಲಿಲ್ಲ. ಮುಗಿಯಿತು ಅಂದುಕೊಂಡು ನಿದ್ದೆ ಹೋದೆ.

ಬೆಳಿಗ್ಗೆ ಎದ್ದು ಕಾಲಿಟ್ಟರೆ ಪಕ್ಕದ ಬಾಗಿಲ ಹತ್ತಿರದ ಕಾಲೊರೆಸು ಹಿಂಡುವಷ್ಟು ಒದ್ದೆ.

ಸಿಂಕಿನ ಕೆಳಗೆ ಒಣಗಿತ್ತು. ಟ್ಯಾಂಕು ಇರುವುದು ಎಂಟು ಅಡಿ ಹಿಂದೆ, ಅದರ ಸುತ್ತಲೂ ಮೇಲ್ನೋಟಕ್ಕೆ ಒಣಗಿಯೇ ಇತ್ತು. ಬಾಗಿಲ ರಬ್ಬರಿನಿಂದ ಇಬ್ಬನಿ ನೀರು ಒಳಗೆ ಬಂದಿರಬೇಕು ಅಂತ ಇವರು ಹೇಳಿದರು. ಮಲೆನಾಡಿನ ನವೆಂಬರ್ ಬೆಳಗು, ಗಾಡಿಯ ಮೈಯೆಲ್ಲ ತೊಟ್ಟಿಕ್ಕುತ್ತಿತ್ತು. ಆ ಮಾತನ್ನು ತೆಗೆದುಹಾಕುವ ಹಾಗಿರಲಿಲ್ಲ. ಆದರೆ ಅಂದಾಜಿನ ಮೇಲೆ ಸೀಲೆಂಟ್ ಹಚ್ಚುತ್ತಾ ಹೋಗುವುದು ನನಗೆ ಒಪ್ಪಿಗೆ ಇಲ್ಲ. ಮೊದಲು ಅಳೆಯಬೇಕು. ನೀರು ಟ್ಯಾಂಕಿನಿಂದ ಹೋಗುತ್ತಿದೆಯಾ ಇಲ್ಲವಾ ಅಂತ ಗೊತ್ತಾಗದೆ ಒಂದು ನಟ್ಟನ್ನೂ ಮುಟ್ಟಬಾರದು.

ಅಳೆಯುವುದು ಸುಲಭ. ನಮ್ಮ ಟ್ಯಾಂಕಿನ ಪಕ್ಕದಲ್ಲಿ ಒಂದು ಪಾರದರ್ಶಕ ಪೈಪು ನಿಂತಿದೆ. ಗಾರೆ ಕೆಲಸದವರು ಮಟ್ಟ ನೋಡಲು ನೀರು ತುಂಬಿದ ಪೈಪು ಹಿಡಿಯುತ್ತಾರಲ್ಲ, ಅದೇ ಉಪಾಯ. ಟ್ಯಾಂಕಿನಲ್ಲಿ ಎಷ್ಟು ಎತ್ತರಕ್ಕೆ ನೀರಿದೆಯೋ ಪೈಪಿನಲ್ಲೂ ಅಷ್ಟೇ ಎತ್ತರಕ್ಕೆ ಇರುತ್ತದೆ. ರಾತ್ರಿ ಒಂಬತ್ತಕ್ಕೆ ಪಂಪಿನ ಸ್ವಿಚ್ ಆರಿಸಿ, ನೀರಿನ ಮಟ್ಟಕ್ಕೆ ಸರಿಯಾಗಿ ಆ ಪೈಪಿಗೆ ಹಣೆಯ ಸ್ಟಿಕ್ಕರ್ ಒಂದನ್ನು ಅಂಟಿಸಿದೆ. ಗಾಡಿಯನ್ನು ಒಂದು ಇಂಚೂ ಅಲುಗಿಸಬೇಡಿ ಅಂತ ಇವರಿಗೆ ಹೇಳಿದೆ. ಗಾಡಿಯ ಓರೆ ಬದಲಾದರೆ ಮಟ್ಟವೂ ಬದಲಾಗುತ್ತದೆ, ಲೆಕ್ಕ ಕೆಡುತ್ತದೆ.

ಬೆಳಿಗ್ಗೆ ಆರಕ್ಕೆ ನೋಡಿದರೆ ನೀರು ಸ್ಟಿಕ್ಕರಿನಿಂದ ಸರಿಯಾಗಿ ಎರಡು ಸೆಂ.ಮೀ. ಕೆಳಗಿತ್ತು. ನಮ್ಮ ಟ್ಯಾಂಕಿನಲ್ಲಿ ಒಂದು ಸೆಂ.ಮೀ. ಅಂದರೆ 4 ಲೀಟರ್. ಒಂಬತ್ತು ಗಂಟೆಯಲ್ಲಿ 8 ಲೀಟರ್ ಹೋಗಿದೆ. ನಿಮಿಷಕ್ಕೆ ಸುಮಾರು 15 ಮಿ.ಲೀ. ಇಪ್ಪತ್ತು ಹನಿಗೆ ಒಂದು ಮಿ.ಲೀ. ಅಂತ ಹಿಡಿದರೆ ಸೆಕೆಂಡಿಗೆ ಐದು ಹನಿ. ಸೆಕೆಂಡಿಗೆ ಬರೀ ಒಂದು ಹನಿ ಬಿದ್ದರೂ ದಿನಕ್ಕೆ ನಾಲ್ಕು ಲೀಟರಿಗಿಂತ ಜಾಸ್ತಿ ಆಗುತ್ತದೆ. ನಮ್ಮದು ಅದರ ಐದರಷ್ಟು. ಇಬ್ಬನಿಯ ಮಾತು ಅಲ್ಲಿಗೆ ಮುಗಿಯಿತು. ಪಂಪು ಆರಿಸಿತ್ತು, ಹಾಗಾಗಿ ಸೋರುವುದು ಟ್ಯಾಂಕಿನ ಕಡೆಯೇ. ಎರಡು ರಾತ್ರಿ, ಎರಡು ಬೇರೆ ಬೇರೆ ಸೋರಿಕೆ.

ಆಮೇಲೆ ಹಾಸಿಗೆ ಎತ್ತಿ, ಹಲಗೆ ಬಿಚ್ಚಿ ಹುಡುಕಾಟ ಶುರುವಾಯಿತು. ಮೊದಲ ಅನುಮಾನ ಟ್ಯಾಂಕ್ ನಿಪ್ಪಲ್ ಮೇಲೆ. ಟ್ಯಾಂಕಿಗೆ ತೂತು ಕೊರೆದು ಪೈಪು ಜೋಡಿಸುವ ಜಾಗ ಅದು, ಬಹಳ ಗಾಡಿಗಳಲ್ಲಿ ಸೋರುವುದು ಅಲ್ಲೇ. ಇವರು ಟೆಫ್ಲಾನ್ ಟೇಪ್ ಹಿಡಿದು ಬಂದರು. ಇಲ್ಲಿ ಒಂದು ಮಾತು ಹೇಳಲೇಬೇಕು. ಟ್ಯಾಂಕಿನ ಗೋಡೆಯ ಹತ್ತಿರ ನೀರನ್ನು ತಡೆಯುವುದು ರಬ್ಬರ್ ವಾಷರ್, ಥ್ರೆಡ್ ಅಲ್ಲ. ಅಲ್ಲಿ ಎಷ್ಟು ಸುತ್ತು ಟೇಪ್ ಸುತ್ತಿದರೂ ಪ್ರಯೋಜನ ಇಲ್ಲ. ವಾಷರ್ ಮೆತ್ತಗಿದೆಯಾ, ಸೀಳಿದೆಯಾ, ತೂತಿನ ಅಂಚಿನಲ್ಲಿ ಕೊರೆದಾಗಿನ ಚೂಪು ಹಾಗೇ ಉಳಿದಿದೆಯಾ ಅಂತ ನೋಡಬೇಕು. ಟೇಪ್ ಬೇಕಾಗುವುದು ಆ ನಿಪ್ಪಲಿಗೆ ಮುಂದಿನ ಎಲ್ಬೋ, ಅಂದರೆ ಮೊಣಕೈಯಂತೆ ಬಾಗಿದ ಪೈಪಿನ ತುಂಡು, ಜೋಡಿಸುವ ಕಡೆ. ಪ್ಲಾಸ್ಟಿಕ್ ನಿಪ್ಪಲ್ ಆದರೆ ಸ್ಪ್ಯಾನರಿನಿಂದ ಜೋರಾಗಿ ಬಿಗಿದರೆ ನಟ್ಟೇ ಸೀಳುತ್ತದೆ. ಕೈಯಲ್ಲಿ ಬಿಗಿದು, ಆಮೇಲೆ ಸ್ಪ್ಯಾನರಿನಲ್ಲಿ ಕಾಲು ಸುತ್ತು ಸಾಕು. ನಮ್ಮ ವಾಷರ್ ಚೆನ್ನಾಗಿಯೇ ಇತ್ತು.

ಹಾಗಾದರೆ ಎಲ್ಲಿ? ನನ್ನ ಹತ್ತಿರ ರಂಗೋಲಿ ಪುಡಿ ಇತ್ತು. ಎಲ್ಲಿ ನಿಲ್ಲಿಸಿದರೂ ಬೆಳಿಗ್ಗೆ ಗಾಡಿಯ ಬಾಗಿಲ ಮುಂದೆ ನಾಲ್ಕು ಎಳೆ ಬಿಡುತ್ತೇನೆ. ಟ್ಯಾಂಕಿನ ಸುತ್ತ ನೆಲ ಒರೆಸಿ ಒಣಗಿಸಿ ಆ ಪುಡಿಯನ್ನು ತೆಳ್ಳಗೆ ಉದುರಿಸಿದೆ. ಪ್ರತಿ ಜೋಡಣೆಯ ಕೆಳಗೂ ಹಳೆಯ ಪೇಪರಿನ ತುಂಡು ಇಟ್ಟೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಪೇಪರ್ ಎಲ್ಲ ಒಣಗಿದ್ದವು. ಪುಡಿಯಲ್ಲಿ ಮಾತ್ರ ಟ್ಯಾಂಕಿನ ಕೆಳಗಿನಿಂದ ಒಂದು ಒದ್ದೆ ಗೆರೆ ಹೊರಟು, ನೆಲಕ್ಕೆ ಹಾಸಿದ ವಿನೈಲ್ ಶೀಟಿನ ಅಂಚಿನೊಳಗೆ ನುಗ್ಗಿತ್ತು. ಆಗ ಕಾಲೊರೆಸಿನ ಗುಟ್ಟು ಬಯಲಾಯಿತು. ಮಳೆ ನೀರು ನಿಲ್ಲದಿರಲಿ ಅಂತ ಕಾಫಿ ಕಣಕ್ಕೆ ಸ್ವಲ್ಪ ಇಳಿಜಾರು ಕೊಟ್ಟಿರುತ್ತಾರೆ. ಗಾಡಿಯ ಮೂತಿ ಇಳಿಜಾರಿನ ಕಡೆ ಇತ್ತು. ನೀರು ಶೀಟಿನ ಅಡಿಯಲ್ಲೇ ಎಂಟು ಅಡಿ ಹರಿದು ಬಾಗಿಲ ಹತ್ತಿರ ಮೇಲೆದ್ದಿತ್ತು. ಬಾಗಿಲ ರಬ್ಬರ್ ಬದಲಾಯಿಸಿದ್ದರೆ ದುಡ್ಡೂ ಹೋಗುತ್ತಿತ್ತು, ಸೋರುವುದೂ ನಿಲ್ಲುತ್ತಿರಲಿಲ್ಲ.

ಟ್ಯಾಂಕಿನ ತಳ ಕಣ್ಣಿಗೆ ಕಾಣುವುದಿಲ್ಲ. ಎರಡು ಕಬ್ಬಿಣದ ಆಂಗಲ್ ಮೇಲೆ ಅದು ಕೂತಿದೆ, ಕೆಳಗೆ ಮೂರು ಬೆರಳಷ್ಟು ಸಂದು. ಮೊಬೈಲಿನ ಕ್ಯಾಮೆರಾ ಆನ್ ಮಾಡಿ, ಲೈಟ್ ಹಾಕಿ, ಆ ಸಂದಿಯಲ್ಲಿ ತೂರಿಸಿ ವಿಡಿಯೊ ತೆಗೆದೆ. ಹೊರಗೆ ತಂದು ನೋಡಿದಾಗ ಎಡಗಡೆಯ ಆಂಗಲ್ ಪಕ್ಕದಲ್ಲಿ, ಬೆಸುಗೆಗೆ ಅಂಟಿಕೊಂಡ ಹಾಗೆ, ಒಂದು ಬಿಳಿ ಗೆರೆ ಕಂಡಿತು. ಹೆಬ್ಬೆರಳಿನಷ್ಟು ಉದ್ದ. ಅದರ ತುದಿಯಲ್ಲಿ ಹನಿ ಕಟ್ಟುತ್ತಾ ಬೀಳುತ್ತಾ ಇತ್ತು.

ಬಿಳಿ ಯಾಕೆ ಅಂದರೆ ನಮ್ಮದು ಬೋರ್‌ವೆಲ್ಲಿನ ಗಡಸು ನೀರು. ತುಮಕೂರಿನ ಮನೆಯಲ್ಲೇ ತುಂಬಿಸಿಕೊಂಡು ಹೊರಟಿದ್ದೆವು. ಸೋರಿದ ನೀರು ಆರಿದಾಗ ಸುಣ್ಣದ ಅಂಶ ಅಲ್ಲೇ ಉಳಿಯುತ್ತದೆ. ಸ್ನಾನದ ಬಕೆಟ್ಟಿನಲ್ಲಿ, ಗೀಸರಿನಲ್ಲಿ ಕಟ್ಟುತ್ತದಲ್ಲ, ಅದೇ. ಆ ಗೆರೆ ಅಷ್ಟು ದಪ್ಪ ಇತ್ತು ಅಂದರೆ ಬಿರುಕು ಆ ವಾರದ್ದಲ್ಲ. ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪ ಜಿನುಗಿ, ಆರಿ, ಈ ಸಲ ಬಾಯಿ ಬಿಟ್ಟಿತ್ತು. ನನಗೆ ಬಹಳ ಬೇಜಾರಾದದ್ದು ಅದನ್ನು ನೋಡಿದಾಗ. ತಿಂಗಳಿಗೊಮ್ಮೆ ಆ ಸಂದಿಯಲ್ಲಿ ಮೊಬೈಲ್ ತೂರಿಸಿದ್ದರೆ ಬೇಸಿಗೆಯಲ್ಲೇ ಗೊತ್ತಾಗುತ್ತಿತ್ತು.

ತಳ ನೋಡಲು ಆಗದೇ ಇರುವ ಟ್ಯಾಂಕಾದರೆ ಇನ್ನೊಂದು ದಾರಿ ಇದೆ. ಬಕೆಟ್ ಇಟ್ಟುಕೊಂಡು ಸೋರಲು ಬಿಡಿ. ನೀರು ಅರ್ಧಕ್ಕೆ ಬಂದು ಇಳಿಯುವುದು ನಿಂತರೆ ತೂತು ಆ ಎತ್ತರದಲ್ಲಿದೆ. ಪೂರ್ತಿ ಖಾಲಿಯಾಗುವವರೆಗೂ ಇಳಿದರೆ ತಳದಲ್ಲಿದೆ. ನಿಲ್ಲಿಸಿದ್ದಾಗ ಒಂದು ಹನಿಯೂ ಇಲ್ಲ, ಓಡಿಸಿದಾಗ ಮಾತ್ರ ಒದ್ದೆ ಅಂದರೆ ಟ್ಯಾಂಕಿಗೆ ಗಾಳಿ ಆಡಲು ಇಟ್ಟ ಪೈಪನ್ನು ನೋಡಿ. ಮೊದಲ ವರ್ಷ ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ನಮಗೆ ಹಾಗಾಗಿತ್ತು. ತುಂಬಿದ ಟ್ಯಾಂಕಿನ ನೀರು ತುಳುಕಿ ಆ ಪೈಪಿನಿಂದ ಒಳಗೇ ಚೆಲ್ಲುತ್ತಿತ್ತು. ಪೈಪನ್ನು ಟ್ಯಾಂಕಿಗಿಂತ ಒಂದೂವರೆ ಅಡಿ ಮೇಲಕ್ಕೆ ಏರಿಸಿ, ತುದಿಯನ್ನು ಗಾಡಿಯ ಹೊರಗೆ ಬಿಟ್ಟ ಮೇಲೆ ಸರಿಹೋಯಿತು.

ಬಿರುಕು ಸಿಕ್ಕಿತು, ಈಗೇನು ಮಾಡುವುದು? ಎರಡು ಬಣ್ಣದ ಉಂಡೆ ಕಲಸಿ ಹಚ್ಚುವ ಪುಟ್ಟಿ ಇವರ ಕೈಯಲ್ಲಿ ಸಿದ್ಧವಾಗಿತ್ತು. ಬೇಡ ಅಂದೆ. ಒದ್ದೆ ತಗಡಿನ ಮೇಲೆ, ಅದೂ ರಸ್ತೆಯ ಪ್ರತಿ ಉಬ್ಬಿಗೆ ಅಲುಗುವ ಜಾಗದಲ್ಲಿ, ಅದು ಹಿಡಿಯುವುದಿಲ್ಲ. ಕುಡಿಯುವ ನೀರಿಗೆ ಅದು ತಾಗುವುದೂ ನನಗೆ ಇಷ್ಟ ಇರಲಿಲ್ಲ. ಪ್ಲಾಸ್ಟಿಕ್ ಟ್ಯಾಂಕ್ ಇಟ್ಟುಕೊಂಡವರಿಗಂತೂ ಈ ದಾರಿ ಇಲ್ಲವೇ ಇಲ್ಲ. ಆ ಟ್ಯಾಂಕುಗಳು ಹೆಚ್ಚಾಗಿ ಪಾಲಿಥೀನ್. ಅದರ ಮೈ ಮೇಣದ ಹಾಗೆ, ಯಾವ ಅಂಟೂ ಗಟ್ಟಿಯಾಗಿ ಕೂರುವುದಿಲ್ಲ, ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಅದೇ ಪ್ಲಾಸ್ಟಿಕ್ಕಿನ ಕಡ್ಡಿಯನ್ನು ಬಿಸಿಗಾಳಿಯಲ್ಲಿ ಕರಗಿಸಿ ಬೆಸೆಯುವವರು ಇದ್ದಾರೆ, ಅವರಿಂದ ಮಾಡಿಸಬೇಕು. ಮೂಲೆ ಬಿರುಕು ಬಿಟ್ಟಿದ್ದರೆ ಹೊಸದೇ ಒಳ್ಳೆಯದು.

ಟ್ಯಾಂಕ್ ಖಾಲಿ ಮಾಡಿದೆವು. ಆ ನೀರನ್ನು ತೋಟದವರ ಮೆಣಸಿನ ಬಳ್ಳಿಗಳಿಗೆ ಬಕೆಟ್ಟಿನಲ್ಲಿ ಹೊತ್ತು ಹಾಕಿದೆ. ಆಮೇಲೆ ಹಾಸನಕ್ಕೆ ವಾಪಸ್, 40 ಕಿ.ಮೀ. ಹಾಸನವೇ ಯಾಕೆ ಅಂದರೆ ಅದು ಹಾಲಿನ ಜಿಲ್ಲೆ. ಹಾಲಿನ ಡೇರಿಗಳಿಗೆ ಸ್ಟೀಲ್ ಟ್ಯಾಂಕು, ಪೈಪು ಮಾಡುವವರು ಅಲ್ಲಿ ಸಿಗುತ್ತಾರೆ. ಗೇಟು ಗ್ರಿಲ್ ಬೆಸೆಯುವವರ ಹತ್ತಿರ ನೀರಿನ ಟ್ಯಾಂಕ್ ಕೊಡಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹಾಲಿನ ಪಾತ್ರೆ ಬೆಸೆಯುವವರಿಗೆ ತೆಳು ಸ್ಟೀಲೂ ಗೊತ್ತು, ಒಳಗಿನ ಶುಚಿಯೂ ಗೊತ್ತು.

ಸಿಕ್ಕಿದ ಯಜಮಾನರಿಗೆ ಅರವತ್ತು ದಾಟಿರಬೇಕು. ಟ್ಯಾಂಕನ್ನು ಬೋರಲು ಹಾಕಿ, ಬಿಳಿ ಗೆರೆಯನ್ನು ಉಗುರಿನಿಂದ ಕೆರೆದು ನೋಡಿದರು.

"ಅಮ್ಮಾ, ಬೆಸುಗೆ ಕೆಟ್ಟಿಲ್ಲ. ಕೂರಿಸಿರೋದು ಸರಿಯಿಲ್ಲ."

ನನಗೆ ಅರ್ಥವಾಗಲಿಲ್ಲ. ಅವರು ಒಂದು ತೆಳು ತಗಡಿನ ತುಂಡು ತಗೊಂಡು ಎರಡು ಇಟ್ಟಿಗೆಯ ಮೇಲೆ ಇಟ್ಟರು. ನಡುವೆ ಬೆರಳಿನಿಂದ ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು. ತಗಡು ಬಗ್ಗುತ್ತಿದ್ದದ್ದು ಇಟ್ಟಿಗೆಯ ಅಂಚಿನಲ್ಲಿ. "120 ಕೆ.ಜಿ. ನೀರು. ಎರಡೇ ಆಂಗಲ್. ನಡುವೆ ಏನೂ ಆಸರೆ ಇಲ್ಲ. ರಸ್ತೆಯ ಪ್ರತಿ ಉಬ್ಬಿಗೆ ತಳ ಹೀಗೆ ಮೇಲೆ ಕೆಳಗೆ ಆಡುತ್ತೆ. ತಂತಿನ ಹಿಂದೆ ಮುಂದೆ ಬಗ್ಗಿಸಿದ್ರೆ ತುಂಡಾಗಲ್ವಾ? ಅದೇ ಇದು."

ಆಮೇಲಿನ ಕೆಲಸವನ್ನು ನಾನು ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ನೋಡಿದೆ. ಮೊದಲು ಎಲ್ಲ ತೂತು ಮುಚ್ಚಿ, ಸೈಕಲ್ ಪಂಪಿನಿಂದ ಸ್ವಲ್ಪವೇ ಗಾಳಿ ಹಾಕಿ, ಮೇಲೆ ಸೋಪಿನ ನೀರು ಬಳಿದರು. ಗಾಳಿ ಜಾಸ್ತಿ ಹಾಕಬಾರದಂತೆ, ಚೌಕದ ಟ್ಯಾಂಕು ಡೊಳ್ಳಿನ ಹಾಗೆ ಉಬ್ಬಿಬಿಡುತ್ತದೆ. ಬಿಳಿ ಗೆರೆ ಇದ್ದ ಕಡೆ ಗುಳ್ಳೆ ಎದ್ದವು. ಆದರೆ ಗುಳ್ಳೆ ಗೆರೆಗಿಂತ ಒಂದು ಬೆರಳು ಮುಂದಕ್ಕೂ ಹೋದವು. ಬಿರುಕು ಕಣ್ಣಿಗೆ ಕಂಡದ್ದಕ್ಕಿಂತ ಉದ್ದ ಇತ್ತು. ಎರಡೂ ತುದಿಗೆ ಸೂಜಿಯಂಥ ಡ್ರಿಲ್‌ನಲ್ಲಿ ಪುಟ್ಟ ತೂತು ಹಾಕಿದರು. ಅಲ್ಲಿಗೆ ಬಿರುಕು ಮುಂದೆ ಓಡುವುದು ನಿಲ್ಲುತ್ತದೆ. ಗೆರೆಯನ್ನು ಉಜ್ಜಿ ಹೊಳಪು ತಂದು, ಟ್ಯಾಂಕಿನ ಒಳಗೂ ಆರ್ಗಾನ್ ಗ್ಯಾಸ್ ಬಿಟ್ಟು, ಹೊರಗಿನಿಂದ ಬೆಸೆದರು. ಒಳಗೆ ಗ್ಯಾಸ್ ಯಾಕೆ ಅಂತ ಕೇಳಿದೆ. ಇಲ್ಲದಿದ್ದರೆ ಒಳಮೈ ಕಪ್ಪಾಗಿ ಕಲ್ಲು ಕಲ್ಲಾಗುತ್ತದೆ, ಸ್ಟೀಲ್ ಆದರೂ ಅಲ್ಲಿಂದಲೇ ತುಕ್ಕು ಶುರು ಅಂದರು. ಮೇಲೆ ಅಂಗೈಯಗಲ ಒಂದು ತಗಡಿನ ತೇಪೆ. ಕೊನೆಗೆ ಬೆಸುಗೆಯ ಕಲೆ ಹೋಗಲು ಆಸಿಡ್ ಪೇಸ್ಟ್ ಬಳಿದು, ಚೆನ್ನಾಗಿ ತೊಳೆದು, ನೀರು ತುಂಬಿಸಿ ಎರಡು ಗಂಟೆ ಒಣ ಗೋಣಿಚೀಲದ ಮೇಲೆ ಇಟ್ಟರು. ಗೋಣಿಚೀಲ ಒಣಗಿಯೇ ಇತ್ತು.

ಮಾಡಿದ್ದಕ್ಕೆ 1,800 ರೂಪಾಯಿ ತಗೊಂಡರು. ತಳಕ್ಕೆ ಪೂರ್ತಿ ಆಸರೆ ಕೊಡದೆ ಗಾಡಿಗೆ ಹಾಕಬೇಡಿ ಅಂತ ಎರಡು ಸಲ ಹೇಳಿದರು. ಪಕ್ಕದ ಬೀದಿಯಿಂದ 18 ಮಿ.ಮೀ. ಮೆರೈನ್ ಪ್ಲೈ ತಂದೆವು. ಹಲಗೆಯ ಮೇಲೆ ಐಎಸ್ 710 ಅಂತ ಮುದ್ರೆ ಇರುವುದನ್ನು ನೋಡಿ ತಗೋಬೇಕು, ಮೆರೈನ್ ಪ್ಲೈಗೆ ಅದೇ ಗುರುತು. ಐಎಸ್ 303 ಅಂತಿದ್ದರೆ ಅದು ಸಾಮಾನ್ಯ ಬಳಕೆಯ ಪ್ಲೈ. ಆಂಗಲ್ ಮೇಲೆ ಹಲಗೆ, ಹಲಗೆಯ ಮೇಲೆ 6 ಮಿ.ಮೀ. ರಬ್ಬರ್ ಶೀಟು, ಅದರ ಮೇಲೆ ಟ್ಯಾಂಕು. ಈಗ ತಳದ ಪ್ರತಿ ಇಂಚಿಗೂ ಆಸರೆ ಇದೆ, ಸ್ಟೀಲಿಗೆ ಕಬ್ಬಿಣ ತಾಗುವುದೂ ಇಲ್ಲ. ಸುತ್ತ ಬಿಗಿಯುವ ಪಟ್ಟಿಗೂ ರಬ್ಬರ್ ಕೊಟ್ಟೆವು. ಹೊಸ ಟ್ಯಾಂಕು ಮಾಡಿಸುವವರು ಒಳಗೆ ನಡುವೆ ತೂತಿರುವ ಅಡ್ಡಗೋಡೆ ಹಾಕಿಸಿಕೊಳ್ಳಿ. ಬ್ರೇಕ್ ಹಾಕಿದಾಗ ಅಷ್ಟೂ ನೀರು ಒಂದೇ ಕಡೆ ನುಗ್ಗುವುದಿಲ್ಲ. ನಮ್ಮದರಲ್ಲಿ ಅದಿಲ್ಲ.

ಸಕಲೇಶಪುರಕ್ಕೆ ಮರಳಿ ತೋಟದ ಬಾವಿ ನೀರು ತುಂಬಿಸುವ ಮೊದಲು ಟ್ಯಾಂಕನ್ನು ಶುದ್ಧ ಮಾಡಿದೆ. ಅಷ್ಟು ಜನ ಕೈ ಹಾಕಿದ್ದಾರೆ, ಆಸಿಡ್ ಬೇರೆ. 120 ಲೀಟರಿಗೆ 20 ಗ್ರಾಂ ಹೊಸ ಬ್ಲೀಚಿಂಗ್ ಪೌಡರ್ ತೂಗಿ, ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳ ಸೇರಿದ ಮೇಲೆ ತಿಳಿಯನ್ನಷ್ಟೇ ಟ್ಯಾಂಕಿಗೆ ಹಾಕಿದೆ. ಎಲ್ಲ ನಲ್ಲಿಯಲ್ಲೂ ವಾಸನೆ ಬರುವವರೆಗೆ ನೀರು ಬಿಟ್ಟು, ನಾಲ್ಕು ಗಂಟೆ ಇಟ್ಟು, ಎರಡು ಸಲ ತೊಳೆದೆ. ಸ್ಟೀಲ್ ಟ್ಯಾಂಕಿನಲ್ಲಿ ಅದನ್ನು ರಾತ್ರಿಯಿಡೀ ಬಿಡಬೇಡಿ, ಕ್ಲೋರಿನ್ ಸ್ಟೀಲನ್ನು ಚುಚ್ಚುತ್ತದೆ.

ಮರುದಿನ ಬೆಳಗಿನ ಜಾವ ಶಿರಾಡಿ ಘಾಟಿ ಇಳಿದೆವು. ಉಪ್ಪಿನಂಗಡಿಯಲ್ಲಿ ಊಟಕ್ಕೆ ನಿಲ್ಲಿಸಿದಾಗ ಹಲಗೆ ಎತ್ತಿ ನೋಡಿದೆ. ಟ್ಯಾಂಕಿನ ಮೈಯೆಲ್ಲ ಒದ್ದೆ! ಕೈಕಾಲು ತಣ್ಣಗಾಯಿತು. ಒರೆಸಿ ಐದು ನಿಮಿಷ ನೋಡಿದೆ. ಹನಿಗಳು ಸುತ್ತಲೂ ಒಂದೇ ಸಮನೆ ಕಟ್ಟುತ್ತಿದ್ದವು, ಅದೂ ನೀರಿನ ಮಟ್ಟದವರೆಗೆ ಮಾತ್ರ. ಪೈಪಿನ ಮೇಲೆ ಸ್ಟಿಕ್ಕರ್ ಇಟ್ಟಲ್ಲೇ ನೀರಿತ್ತು. ಮಲೆನಾಡಿನ ತಣ್ಣೀರು, ಕರಾವಳಿಯ ಹಸಿ ಗಾಳಿ. ಟ್ಯಾಂಕು ಬೆವರಿತ್ತು, ಅಷ್ಟೇ.

ಮರವಂತೆಯಲ್ಲಿ ಎರಡು ರಾತ್ರಿ ಇದ್ದೆವು. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ. ರಾತ್ರಿ ಪಂಪು ಆರಿಸಿ ಮಟ್ಟ ಗುರುತು ಮಾಡಿದೆ. ಬೆಳಿಗ್ಗೆ ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಕಾಫಿಗೆ ನೀರಿಟ್ಟು ಇವರನ್ನು ಎಬ್ಬಿಸಿದೆ.

ನೆಲದ ಕೆಲಸ ಇನ್ನೂ ಬಾಕಿ ಇದೆ. ಊರಿಗೆ ಬಂದು ವಿನೈಲ್ ಶೀಟು ಎತ್ತಿದಾಗ ಅಡಿಯ ಪ್ಲೈ ಉದ್ದಕ್ಕೂ ಕಪ್ಪಾಗಿತ್ತು, ಮುಗ್ಗಲು ವಾಸನೆ. ಒಂಬತ್ತು ದಿನ ಬಾಗಿಲೆಲ್ಲ ತೆರೆದಿಟ್ಟು ಒಣಗಿಸಿದೆವು. ಹೆಚ್ಚಿನ ಭಾಗ ಗಟ್ಟಿಯಾಗಿ ಉಳಿದಿದೆ. ಬಾಗಿಲ ಹತ್ತಿರ ಎರಡು ಅಡಿ ಮಾತ್ರ ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಇಳಿಯುತ್ತದೆ. ಅಷ್ಟನ್ನು ಕತ್ತರಿಸಿ ತೆಗೆದು ಹೊಸ ತುಂಡು ಕೂರಿಸಲು ಬಡಗಿಗೆ ಹೇಳಿದ್ದೇವೆ, ಸಂಕ್ರಾಂತಿಗೆ ಮೊದಲು ಬರುತ್ತಾರೆ. ಈ ಸಲ ಟ್ಯಾಂಕಿನ ಸುತ್ತ ವಿನೈಲ್ ಹಾಸುವುದಿಲ್ಲ. ಅಲ್ಲಿ ನೆಲ ಬರಿದಾಗಿಯೇ ಇರಲಿ, ಒಂದು ಹನಿ ಬಿದ್ದರೂ ನನಗೆ ಕಾಣಬೇಕು.